ಮಿಸ್ಸು, ಮಿಸೆಸ್ಸು, ಮೇಸ್ತ್ರಿ



ಈ ಸಲದ ಪತ್ರಗಳ ಕಟ್ಟಿನಲ್ಲಿ ಶಿವಮೊಗ್ಗದ ಕಡೆಯ ಗೃಹಿಣಿಯೊಬ್ಬರು ಕೇಳಿದ್ದಾರೆ: “ಆರನೇ ತರಗತಿ ಓದುವ ನನ್ನ ಮಗಳು ಇಂಗ್ಲಿಷಿನಲ್ಲಿ ಮಿಸೆಸ್ ಅಂತ ಬರೆಯುವಾಗ ಎಂ, ಆರ್, ಎಸ್ ಅಂತ ಬರೀತಾಳೆ. ಬಾಯಲ್ಲಿ ಆರ್ ಸದ್ದೇ ಇಲ್ಲ, ಬರೆಯೋದು ಮಾತ್ರ ಯಾಕಮ್ಮಾ ಅಂತ ಪ್ರಾಣ ತಿಂತಾಳೆ. ಅವಳ ಮಿಸ್ಸನ್ನು ಕೇಳಿದರೆ ‘ಅದು ಹಾಗೇ, ಬಾಯಿಪಾಠ ಮಾಡು’ ಅಂದರಂತೆ. ನೀವಾದರೂ ಹೇಳಿ.”

ಹುಡುಗಿ ಜಾಣೆ. ಅವಳು ಹಿಡಿದಿರುವುದು ಒಂದಕ್ಷರವನ್ನಾದರೂ ಅದನ್ನು ಎಳೆದರೆ ದೊಡ್ಡ ಸಂಸಾರವೇ ಹೊರಗೆ ಬರುತ್ತದೆ. ಅದೂ ಅಲ್ಲದೆ, ಅವಳು ಪ್ರಶ್ನೆ ಕೇಳಿದ ‘ಮಿಸ್ಸು’ ಕೂಡ ಅದೇ ಸಂಸಾರದವರೇ!

ಮಿಸೆಸ್ ಎಂಬುದು ಸ್ವತಂತ್ರ ಶಬ್ದವಲ್ಲ. ‘ಮಿಸ್ಟ್ರೆಸ್’ ಎಂಬ ಹಳೆಯ ಶಬ್ದವನ್ನು ಕೈಬರಹದಲ್ಲಿ ಚುಟುಕಾಗಿಸಿ ಎಂ, ಆರ್, ಎಸ್ ಎಂದು ಬರೆಯುತ್ತಿದ್ದರು. ಹೆಸರಿನ ಹಿಂದೆ ಮತ್ತೆ ಮತ್ತೆ ಹೇಳಿ ಹೇಳಿ ಬಾಯಲ್ಲಿ ಅದು ಸವೆದು ‘ಮಿಸಿಸ್’ ಆಯಿತು. ನಾವು ‘ಬರುತ್ತಾರೆ’ಯನ್ನು ‘ಬರ್ತಾರೆ’ ಮಾಡಿಕೊಂಡ ಹಾಗೆ. ಬಾಯಿ ಬದಲಾಯಿತು, ಬರಹ ಬದಲಾಗಲಿಲ್ಲ. ಮಗಳಿಗೆ ಹೇಳಿ, ಆ ಆರ್ ಮಿಸ್ಟ್ರೆಸ್‌ನ ಹೊಟ್ಟೆಯೊಳಗಿನ ಆರ್.

ಇನ್ನು ಮಿಸ್ಟ್ರೆಸ್ ಎಲ್ಲಿಂದ ಬಂದಳು? ಫ್ರೆಂಚಿನಿಂದ. ಫ್ರೆಂಚಿಗೆ ಲ್ಯಾಟಿನ್ನಿನಿಂದ. ಲ್ಯಾಟಿನ್ನಿನಲ್ಲಿ ‘ಮಾಗಿಸ್’ ಎಂದರೆ ‘ಹೆಚ್ಚು’. ಹೆಚ್ಚು ಬಲ್ಲವನು, ಮೇಲಿನವನು ‘ಮಾಗಿಸ್ಟರ್’. ಈ ಮಾಗಿಸ್ಟರೇ ಇಂಗ್ಲಿಷಿನ ಮಾಸ್ಟರ್. ಮಾಸ್ಟರನ್ನು ಸಡಿಲವಾಗಿ ಉಚ್ಚರಿಸಿದರೆ ಮಿಸ್ಟರ್. ಮಾಸ್ಟರಿನ ಹೆಣ್ಣುರೂಪ ಮಿಸ್ಟ್ರೆಸ್. ಈ ಒಬ್ಬಳೇ ಮಿಸ್ಟ್ರೆಸ್‌ಗೆ ಇಬ್ಬರು ಹೆಣ್ಣುಮಕ್ಕಳು, ಮಿಸೆಸ್ ಮತ್ತು ಮಿಸ್. ಅಂದರೆ ಅಕ್ಕ ತಂಗಿಯರು. ಒಬ್ಬಳಿಗೆ ಮದುವೆ ಮಾಡಿ ಇನ್ನೊಬ್ಬಳನ್ನು ಕನ್ಯೆಯಾಗಿಯೇ ಉಳಿಸಿದ್ದು ಆಮೇಲಿನ ಕಾಲದವರು.

ನಡುವೆ ಒಂದು ತಮಾಷೆ ಹೇಳಿಬಿಡುತ್ತೇನೆ. ಲ್ಯಾಟಿನ್ನಿನಲ್ಲಿ ‘ಮಿನುಸ್’ ಎಂದರೆ ‘ಕಡಿಮೆ’. ಕೆಳಗೆ ನಿಂತು ಸೇವೆ ಮಾಡುವವನು ‘ಮಿನಿಸ್ಟರ್’, ಅಂದರೆ ಸೇವಕ. ಹೀಗಾಗಿ ಮೂಲಾರ್ಥ ಹಿಡಿದು ನೋಡಿದರೆ ನಮ್ಮ ಹಳ್ಳಿ ಶಾಲೆಯ ಮೇಷ್ಟ್ರು ಹೆಚ್ಚಿನವರು, ಮಿನಿಸ್ಟರು ಕಡಿಮೆಯವರು. ವಿಧಾನಸೌಧದಲ್ಲಿ ಇದನ್ನು ಯಾರೂ ಒಪ್ಪಲಿಕ್ಕಿಲ್ಲ.

ಮೇಷ್ಟ್ರು ಇಂಗ್ಲಿಷಿನ ಮಾಸ್ಟರಿನಿಂದ ಆದವರು ಎಂಬುದು ಎಲ್ಲರಿಗೂ ಗೊತ್ತು. ಆದರೆ ಇಂಗ್ಲಿಷರು ಬರುವುದಕ್ಕೆ ಮೊದಲೇ ಇದೇ ಮನೆತನದ ಇನ್ನೊಬ್ಬರು ನಮ್ಮಲ್ಲಿಗೆ ಹಡಗಿನಲ್ಲಿ ಬಂದಿಳಿದಿದ್ದರು. ಪೋರ್ಚುಗೀಸರ ಮಾತಿನಲ್ಲಿ ಮಾಗಿಸ್ಟರ್ ‘ಮೆಸ್ತ್ರೆ’ಯಾಗಿತ್ತು. ಕೆಲಸದಲ್ಲಿ ಪಳಗಿದವನು, ಕೈಕೆಳಗಿನವರಿಂದ ಕೆಲಸ ಮಾಡಿಸುವವನು ಎಂದು ಅರ್ಥ. ಪಶ್ಚಿಮ ಕರಾವಳಿಯಲ್ಲಿ ಇಳಿದ ಆ ಮೆಸ್ತ್ರೆಯೇ ನಮ್ಮ ಮೇಸ್ತ್ರಿ! ಗಾರೆ ಮೇಸ್ತ್ರಿ, ಕಾಫಿ ತೋಟದ ಮೇಸ್ತ್ರಿ. ನಿಮ್ಮ ಮನೆ ಕಟ್ಟಿದ ಮೇಸ್ತ್ರಿ, ನಿಮ್ಮ ಮಗುವಿಗೆ ಮಗ್ಗಿ ಹೇಳಿಕೊಟ್ಟ ಮೇಷ್ಟ್ರು, ಪಕ್ಕದ ಮನೆಯ ಮಿಸೆಸ್ಸು, ಎಲ್ಲರೂ ಒಂದೇ ಅಜ್ಜನ ಮೊಮ್ಮಕ್ಕಳು.

ಇಲ್ಲಿ ಒಂದು ಮಾತನ್ನು ಗಮನಿಸಿ. ಕನ್ನಡದಲ್ಲಿ ಮೇಸ್ತ್ರಿಗೆ ಹೆಣ್ಣುರೂಪ ಬೆಳೆಯಲೇ ಇಲ್ಲ. ‘ಮೇಸ್ತ್ರಿ ಹೆಂಡ್ತಿ’ ಇದ್ದಾಳೆ, ಅಷ್ಟೇ. ಮನೆ ಕಟ್ಟುವ ಕಡೆ ಹೋಗಿ ನೋಡಿ. ಮರಳು ಜರಡಿ ಹಿಡಿಯುವವಳು, ಸಿಮೆಂಟಿನ ಬಾಂಡ್ಲಿ ಹೊತ್ತು ಮೂರು ಅಂತಸ್ತು ಹತ್ತುವವಳು ಹೆಂಗಸು. ಕರಣೆ ಹಿಡಿಯುವವನು ಮಾತ್ರ ಮೇಸ್ತ್ರಿ. ಇಪ್ಪತ್ತು ವರ್ಷ ಬಾಂಡ್ಲಿ ಹೊತ್ತರೂ ಅವಳ ಕೈಗೆ ಕರಣೆ ಬರುವುದು ಅಪರೂಪ. ಇಂಗ್ಲಿಷಿನಲ್ಲಾದರೋ ಹೆಣ್ಣುರೂಪ ಇತ್ತು, ಅದೇ ಮಿಸ್ಟ್ರೆಸ್. ಆದರೆ ಆಕೆಗೆ ಏನಾಯಿತು ನೋಡಿ.

ಮೊದಮೊದಲು ಮಿಸ್ಟ್ರೆಸ್ ಎಂದರೆ ಯಜಮಾನಿ. ಆಳುಗಳಿಂದ ಕೆಲಸ ಮಾಡಿಸುವವಳು, ಅಂಗಡಿ ನಡೆಸುವವಳು, ಒಂದು ವಿದ್ಯೆಯಲ್ಲಿ ನುರಿತವಳು, ಪಾಠ ಹೇಳುವವಳು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಪ್ರಸಿದ್ಧ ಇಂಗ್ಲಿಷ್ ನಿಘಂಟು ತಂದಾಗಲೂ ಆಳುವವಳು, ನಿಪುಣೆ, ಶಿಕ್ಷಕಿ ಎಂಬ ಅರ್ಥಗಳನ್ನೇ ಮುಂದಿಟ್ಟ. ಇಟ್ಟುಕೊಂಡವಳು ಎಂಬ ಅರ್ಥವನ್ನು ಪಟ್ಟಿಯ ಕೊನೆಗೆ ತಳ್ಳಿದ. ಇಂದು ಆ ಕೊನೆಯದೇ ಮೊದಲಿಗೆ ಬಂದು ಕೂತಿದೆ. ಹೆಡ್‌ಮಿಸ್ಟ್ರೆಸ್ ಎಂದರೆ ಎದ್ದು ನಿಂತು ನಮಸ್ಕಾರ ಮಾಡುತ್ತೇವೆ. ಅದೇ ‘ಹೆಡ್’ ತೆಗೆದು ಬರೀ ಮಿಸ್ಟ್ರೆಸ್ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಹಿಂದೆ ನಮ್ಮ ಊರುಗಳಲ್ಲಿ ‘ನಮ್ಮಕ್ಕ ಸ್ಕೂಲ್ ಮಿಸ್ಟ್ರೆಸ್ಸು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಈಗ ಇಂಗ್ಲಿಷ್ ಮಾತಾಡುವವರ ಮುಂದೆ ಹಾಗೆ ಹೇಳಬೇಡಿ, ಟೀಚರ್ ಎನ್ನಿ.

ಮಾಸ್ಟರಿಗೆ ಇಂಥ ಗತಿ ಬಂತೇ? ಇಲ್ಲವಲ್ಲ! ಅವನು ಹೆಡ್‌ಮಾಸ್ಟರಾದ, ಟೈಲರ್ ಮಾಸ್ಟರಾದ, ಪೋಸ್ಟ್‌ಮಾಸ್ಟರಾದ, ಕಾಲೇಜಿನಲ್ಲಿ ಎಂ.ಎ. ಪದವಿಯಾಗಿ ಗೋಡೆಗೇರಿದ. ಹುಡುಗಿಯರು ಎಂ.ಎ. ಪಾಸು ಮಾಡಿದರೂ ಅವರು ಪಡೆಯುವುದು ‘ಮಾಸ್ಟರ್’ ಪದವಿಯನ್ನೇ. ಪುಣ್ಯ, ಅದಕ್ಕೆ ಹೆಣ್ಣುರೂಪ ಹುಡುಕಲು ಯಾರೂ ಹೋಗಿಲ್ಲ!

‘ಮಿಸ್’ಳ ಬಾಲ್ಯವೂ ಅಷ್ಟೇನೂ ಚೆನ್ನಾಗಿರಲಿಲ್ಲ. ಇಂಗ್ಲೆಂಡಿನ ಜಾನ್ ಎವೆಲಿನ್ ಎಂಬಾತ 1662ರ ತನ್ನ ದಿನಚರಿಯಲ್ಲಿ, ದೊಡ್ಡವರು ಇಟ್ಟುಕೊಂಡ ಹೆಂಗಸರನ್ನು ಈಗೀಗ ಮಿಸ್ ಅನ್ನತೊಡಗಿದ್ದಾರೆ ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಅದೇ ಕಾಲದಲ್ಲಿ ಚಿಕ್ಕ ಹುಡುಗಿಯರಿಗೂ ಮಿಸ್ ಎನ್ನುತ್ತಿದ್ದರು. ಬೆಳೆದ ಹೆಂಗಸು, ಮದುವೆಯಾಗಿರಲಿ ಬಿಡಲಿ, ಸ್ವಲ್ಪ ಅಂತಸ್ತಿದ್ದರೆ ಮಿಸೆಸ್ಸೇ. ಅಂದರೆ ಆಗ ಮಿಸೆಸ್ ಎಂಬುದು ಗಂಡನ ಗುರುತಲ್ಲ, ಯಜಮಾನಿಕೆಯ ಗುರುತು. ದೊಡ್ಡ ಬಂಗಲೆಗಳಲ್ಲಿ ಉಗ್ರಾಣದ ಬೀಗದಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಮೇಲ್ವಿಚಾರಕಿಗೂ, ಮುಖ್ಯ ಅಡುಗೆಯವಳಿಗೂ ಮದುವೆಯಿಲ್ಲದಿದ್ದರೂ ಮಿಸೆಸ್ ಎನ್ನುವ ಪದ್ಧತಿ ಬಹುಕಾಲ ಉಳಿದಿತ್ತು. ಅಡುಗೆಮನೆಯ ಯಜಮಾನಿಕೆಗೂ ಒಂದು ಬಿರುದಿತ್ತು ಅನ್ನಿ.

18ನೇ ಶತಮಾನದ ನಡುವಿನಿಂದ ಗಾಳಿ ತಿರುಗಿತು. ಸಿರಿವಂತರ ಮನೆಯ ಬೆಳೆದ ಹೆಣ್ಣುಮಕ್ಕಳು, ಮದುವೆಯಾಗದವರು, ತಾವು ‘ಮಿಸ್’ ಎಂದು ಕರೆಸಿಕೊಳ್ಳತೊಡಗಿದರು. ಅಲ್ಲಿಂದ ಮಿಸ್ ಎಂದರೆ ಮದುವೆಯಾಗದವಳು, ಮಿಸೆಸ್ ಎಂದರೆ ಆದವಳು ಎಂದು ಗೆರೆ ಬಿತ್ತು. 1813ರಲ್ಲಿ ಬಂದ ಜೇನ್ ಆಸ್ಟಿನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಓದಿದವರಿಗೆ ನೆನಪಿರಬಹುದು, ಐದು ಹೆಣ್ಣುಮಕ್ಕಳ ಆ ಮನೆಯಲ್ಲಿ ಹಿರಿಯವಳು ಮಾತ್ರ ಬರೀ ‘ಮಿಸ್ ಬೆನೆಟ್’. ತಂಗಿಯರು ‘ಮಿಸ್ ಎಲಿಜಬೆತ್’ ಎಂದು ಹೆಸರು ಹಿಡಿದು ಕರೆಸಿಕೊಳ್ಳಬೇಕು. ಯಾರಿಗೆ ಮೊದಲು ಗಂಡು ನೋಡಬೇಕೆಂದು ಬಂದವರಿಗೆ ಕೂಡಲೇ ತಿಳಿಯುತ್ತಿತ್ತು! ಮಿಸ್ಟರಿಗೆ ಮಾತ್ರ ಇಂಥ ಯಾವ ಗೆರೆಯೂ ಇಲ್ಲ. ಇಪ್ಪತ್ತರ ಹುಡುಗನೂ ಮಿಸ್ಟರ್, ಮೊಮ್ಮಕ್ಕಳ ತಾತನೂ ಮಿಸ್ಟರ್.

ಗೆರೆ ಅಷ್ಟಕ್ಕೇ ನಿಲ್ಲಲಿಲ್ಲ. ಮಿಸೆಸ್ ಆದ ಮೇಲೆ ಹೆಂಗಸಿನ ಹೆಸರೇ ಕರಗಿಹೋಗುವ ಕಾಲ ಬಂತು. ಟೆನಿಸ್ ಲೋಕದ ಬಿಲ್ಲಿ ಜೀನ್ ಕಿಂಗ್ ಹೆಸರು ಕೇಳಿದ್ದೀರಲ್ಲ? ವಿಂಬಲ್ಡನ್ನಿನಲ್ಲಿ ಆರು ಸಲ ಸಿಂಗಲ್ಸ್ ಗೆದ್ದಾಕೆ. ಗೆದ್ದವರ ಹೆಸರು ಕೆತ್ತುವ ಹಲಗೆಯ ಮೇಲೆ ಆಕೆ ಮದುವೆಯ ನಂತರ ಗೆದ್ದಾಗಲೆಲ್ಲ ‘ಮಿಸೆಸ್ ಎಲ್.ಡಬ್ಲ್ಯು. ಕಿಂಗ್’. ಎಲ್ ಎಂದರೆ ಲ್ಯಾರಿ, ಆಕೆಯ ಗಂಡ. ರ‍್ಯಾಕೆಟ್ ಹಿಡಿದವಳು ಬಿಲ್ಲಿ, ಹಲಗೆಗೇರಿದವನು ಲ್ಯಾರಿ! 1981ರಲ್ಲಿ ಗೆದ್ದ ಕ್ರಿಸ್ ಎವರ್ಟ್ ಅದೇ ಹಲಗೆಯ ಮೇಲೆ ‘ಮಿಸೆಸ್ ಜೆ.ಎಂ. ಲಾಯ್ಡ್’. ಗಂಡಸರ ಹಲಗೆಯಲ್ಲಿ ಮಿಸ್ಟರೂ ಇಲ್ಲ, ಹೆಂಡತಿಯ ಹೆಸರಂತೂ ಇಲ್ಲವೇ ಇಲ್ಲ. ಹೆಂಗಸರ ಹಲಗೆಯಿಂದ ಮಿಸ್, ಮಿಸೆಸ್‌ಗಳನ್ನು ತೆಗೆದದ್ದು 2022ರಲ್ಲಿ.

ಅದು ಪರದೇಶದ ಮಾತು ಅನ್ನಬೇಡಿ. ನಮ್ಮ ಕೊಡಗಿನ ಗೌರಮ್ಮ ಇದ್ದರಲ್ಲ, 1912ರಲ್ಲಿ ಹುಟ್ಟಿ ಇಪ್ಪತ್ತೇಳನೆಯ ವಯಸ್ಸಿಗೇ ನೀರುಪಾಲಾದ ಕತೆಗಾರ್ತಿ. ಗಾಂಧೀಜಿ ಕೊಡಗಿಗೆ ಬಂದಾಗ ಹಟ ಹಿಡಿದು ಅವರನ್ನು ಮನೆಗೆ ಕರೆಸಿಕೊಂಡು ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ದಿಟ್ಟ ಹೆಣ್ಣು. ವಿಧವೆಯರ ಸಂಕಟವನ್ನು ಆ ಕಾಲಕ್ಕೇ ಕತೆಗಳಲ್ಲಿ ಬರೆದವರು. ಅವರು ಬರೆಯುತ್ತಿದ್ದ ಹೆಸರೇನು ಗೊತ್ತೇ? ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’. ಅದರಲ್ಲಿ ಗೌರಮ್ಮ ಎಲ್ಲೂ ಇಲ್ಲ, ಎಲ್ಲ ಅಕ್ಷರಗಳೂ ಪತಿಯವೇ. ಆ ಕಾಲದಲ್ಲಿ ಹೆಂಗಸೊಬ್ಬಳು ಪತ್ರಿಕೆಗೆ ಕತೆ ಬರೆಯುವುದೇ ದೊಡ್ಡದು, ಆ ‘ಮಿಸೆಸ್’ ಬಹುಶಃ ತಲೆಯ ಮೇಲಿನ ಸೆರಗಿನಂತೆ ಒಂದು ಮರೆಯಾಗಿ ಒದಗಿತು ಎಂದು ನನಗೆ ತೋರುತ್ತದೆ. ಕನ್ನಡದ ಓದುಗರಂತೂ ಅವರನ್ನು ಉಳಿಸಿಕೊಂಡದ್ದು ಕೊಡಗಿನ ಗೌರಮ್ಮ ಎಂದೇ.

ಇಷ್ಟಾದರೂ ಕನ್ನಡನಾಡಿನ ಶಾಲೆಗಳಲ್ಲಿ ‘ಮಿಸ್ಸು’ ಬೇರೆಯೇ ಆಗಿ ಬಾಳಿದಳು, ಸಂತೋಷ. ನಮ್ಮ ಮಕ್ಕಳಿಗೆ ಮಿಸ್ಸಿಗೆ ಮದುವೆಯಾಗಿದೆಯೇ ಎಂಬುದು ಲೆಕ್ಕಕ್ಕೇ ಇಲ್ಲ. ಕನ್ನಡ ಮಿಸ್ಸು, ಗಣಿತದ ಮಿಸ್ಸು, ಹೊಡೆಯೋ ಮಿಸ್ಸು, ಹೊಡೆಯದ ಮಿಸ್ಸು. ಆರು ತಿಂಗಳ ಬಸುರಿ ಮಿಸ್ಸು ತರಗತಿಗೆ ಬಂದರೆ ಇಂಗ್ಲಿಷ್ ವ್ಯಾಕರಣದವರು ತಬ್ಬಿಬ್ಬಾಗಬೇಕು, ನಮ್ಮ ಮಕ್ಕಳಲ್ಲ. ಇಂಗ್ಲೆಂಡಿನ ಶಾಲೆಗಳಲ್ಲೂ ಮಕ್ಕಳು ಎಲ್ಲ ಶಿಕ್ಷಕಿಯರನ್ನು ಮಿಸ್ ಎಂದೇ ಕೂಗುವುದುಂಟು. ಮಿಸ್ಟ್ರೆಸ್ ಎಂಬುದಕ್ಕಿದ್ದ ‘ಪಾಠ ಹೇಳುವವಳು’ ಎಂಬ ಹಳೆಯ ಅರ್ಥ ಬೇರೆಲ್ಲ ಕಡೆ ಸತ್ತರೂ ಮಕ್ಕಳ ಬಾಯಲ್ಲಿ ಜೀವದಿಂದಿದೆ.

ವರ್ಷದ ಕೊನೆಗೆ ಅದೇ ಮಕ್ಕಳು ಬಣ್ಣದ ಕಾಗದದ ಮೇಲೆ ‘ಮಿಸ್, ವಿ ಮಿಸ್ ಯೂ’ ಎಂದು ಬರೆದು ಕೊಡುತ್ತಾರೆ. ಈ ಎರಡು ಮಿಸ್‌ಗಳು ಒಂದೇ ಎಂದು ತಿಳಿಯಬೇಡಿ. ನೋಡಲು ಅವಳಿ ಜವಳಿ, ರಕ್ತಸಂಬಂಧವೇ ಇಲ್ಲ. ಎರಡನೆಯ ಮಿಸ್ ಇಂಗ್ಲಿಷಿನ ಮನೆಮಗಳು, ಹಳೆಯ ಇಂಗ್ಲಿಷಿನ ‘ಮಿಸ್ಸನ್’ ಎಂಬ ಕ್ರಿಯಾಪದ. ಗುರಿ ತಪ್ಪುವುದು ಎಂದು ಅರ್ಥ. ಬಸ್ಸು ಮಿಸ್ ಆಗುವುದು, ಕ್ಯಾಚ್ ಮಿಸ್ ಆಗುವುದು, ಮಿಸ್ಡ್ ಕಾಲ್ ಕೊಡುವುದು, ಎಲ್ಲ ಇದೇ. ‘ಮಿಸ್ಟೇಕ್’ ಎನ್ನುವಾಗಿನ ಮಿಸ್ ಕೂಡ ಇದರ ನೆಂಟನೇ. ಕೈಗೆ ಸಿಗಬೇಕಾದದ್ದು ಸಿಗದೆ ಹೋಯಿತು ಎಂಬುದರಿಂದ, ಇರಬೇಕಾದವರು ಇಲ್ಲವಲ್ಲ ಎಂಬ ಸಂಕಟದ ಅರ್ಥಕ್ಕೆ ಅದು ಬೆಳೆಯಿತು. ಇದಕ್ಕೆ ಕನ್ನಡದಲ್ಲಿ ಒಂದೇ ಮಾತಿನ ಕ್ರಿಯಾಪದವಿಲ್ಲ. ‘ನಿನ್ನ ನೆನಪಾಗುತ್ತೆ’, ‘ನೀನಿಲ್ಲದೆ ಮನೆ ಬಿಕೋ ಅನ್ನುತ್ತೆ’ ಅನ್ನುತ್ತಿದ್ದೆವು. ಈಗಿನವರು ‘ಮಿಸ್ ಮಾಡ್ಕೋತಾ ಇದೀನಿ’ ಅನ್ನುತ್ತಾರೆ. ಅನ್ನಲಿ. ಆದರೂ ಮನೆ ಬಿಕೋ ಅನ್ನುವುದರಲ್ಲಿರುವ ಖಾಲಿತನ ಅದರಲ್ಲಿಲ್ಲ.

ಮತ್ತೆ ಮೊದಲನೆಯ ಮಿಸ್‌ಗೆ ಬರೋಣ. ನನಗೆ ಪರಿಚಯದ ಒಬ್ಬ ಶಿಕ್ಷಕಿ ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತರಾದರು. ಮದುವೆಯಾಗಲಿಲ್ಲ. ತಮ್ಮಂದಿರನ್ನು ಓದಿಸಿದರು, ತಾಯಿಯನ್ನು ಕೊನೆಯವರೆಗೆ ನೋಡಿಕೊಂಡರು. ಇಡೀ ಬೀದಿಗೆ ಅವರು ಮಿಸ್ಸು. ತರಕಾರಿ ಗಾಡಿಯವನೂ ‘ಮಿಸ್ಸೇ, ಬೀನ್ಸ್ ಎಳೇದೈತೆ’ ಅನ್ನುತ್ತಿದ್ದ, ಅವನೂ ಹಳೆಯ ವಿದ್ಯಾರ್ಥಿಯೇ. ಒಮ್ಮೆ ಮಂಡಿನೋವಿಗೆಂದು ಆಸ್ಪತ್ರೆಗೆ ಹೋದಾಗ ಚೀಟಿ ಬರೆಯುವ ಹುಡುಗ ತಲೆ ಎತ್ತದೆ, “ಮಿಸ್ಸಾ ಮಿಸೆಸ್ಸಾ?” ಎಂದ. “ಮಿಸ್” ಎಂದರು. ಆಗ ತಲೆ ಎತ್ತಿದ. ನರೆಗೂದಲು ನೋಡಿದ, ಕೊರಳು ನೋಡಿದ, ಕಾಲುಂಗುರ ಹುಡುಕಿದ. “ಗಂಡನ ಹೆಸರು?” “ಇಲ್ಲಪ್ಪ.” “ಹೋಗ್ಬಿಟ್ರಾ?” ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕಿವಿ ನಿಮಿರಿಸಿದ್ದರಂತೆ. “ಮಂಡಿ ನೋವಿಗೂ ಗಂಡನಿಗೂ ಏನ್ರೀ ಸಂಬಂಧ?” ಎಂದು ಅವರು ನನ್ನ ಮುಂದೆ ನಕ್ಕರು. ಆದರೆ ಆ ದಿನದಿಂದ ಆ ಆಸ್ಪತ್ರೆಗೆ ಹೋಗಲಿಲ್ಲ. ನೋವನ್ನು ಒಂದು ವರ್ಷ ನುಂಗಿಕೊಂಡರು. ಶಾಲೆಯ ಅಂಗಳದಲ್ಲಿ ಕಿರೀಟವಾಗಿದ್ದ ಅದೇ ಶಬ್ದ ಆಸ್ಪತ್ರೆಯ ಕಿಟಕಿಯಲ್ಲಿ ಕಪಾಳಕ್ಕೆ ಬಿದ್ದಿತ್ತು.

ಇಂಥ ಪೇಚು ಅಮೆರಿಕಾದವರಿಗೂ ಹಿಂದೆಯೇ ಹೊಳೆದಿತ್ತು. 1901ರಲ್ಲೇ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ ಪತ್ರಿಕೆಯೊಂದು, ಮದುವೆ ವಿಚಾರ ಗೊತ್ತಿಲ್ಲದ ಹೆಂಗಸನ್ನು ಕರೆಯಲು ಎಂ, ಎಸ್ ಎಂಬ ಎರಡಕ್ಷರ ಸಾಕು, ‘ಮಿಝ್’ ಎಂದು ಓದಿದರಾಯಿತು ಎಂದು ಸಲಹೆ ಕೊಟ್ಟಿತ್ತು. ಆಗ ಯಾರೂ ಕಿವಿಗೊಡಲಿಲ್ಲ. 1960ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನಲ್ಲಿದ್ದ ಶೀಲಾ ಮೈಕೆಲ್ಸ್ ಎಂಬ ತರುಣಿ ತನ್ನ ಕೋಣೆಯ ಗೆಳತಿಗೆ ಅಂಚೆಯಲ್ಲಿ ಬಂದ ಪತ್ರಿಕೆಯ ವಿಳಾಸದಲ್ಲಿ ಈ ಎರಡಕ್ಷರ ಕಂಡು ಅಚ್ಚಿನ ದೋಷವಿರಬೇಕು ಅಂದುಕೊಂಡಳಂತೆ. ಆಮೇಲೆ ಅದೇ ತನಗೆ ಬೇಕಾದ ಶಬ್ದ ಎಂದು ಹಿಡಿದಳು. ತಾನು ತಂದೆಯ ಸೊತ್ತೂ ಅಲ್ಲ, ಗಂಡನ ಸೊತ್ತೂ ಅಲ್ಲ ಎಂದು ಹೇಳುವ ಶಬ್ದ ಅವಳಿಗೆ ಬೇಕಿತ್ತು. ಸುಮಾರು ಎಂಟು ವರ್ಷ ಅವಳ ಮಾತು ಯಾರ ಕಿವಿಗೂ ಬೀಳಲಿಲ್ಲ. 1969ರ ಹೊತ್ತಿಗೆ ರೇಡಿಯೋದಲ್ಲಿ ಹೇಳಿದಳು. ಅದು ಬಾಯಿಂದ ಬಾಯಿಗೆ ಹೋಗಿ 1972ರಲ್ಲಿ ಗ್ಲೋರಿಯಾ ಸ್ಟೈನಮ್ ಮತ್ತು ಗೆಳತಿಯರ ಮಹಿಳಾ ಪತ್ರಿಕೆಯ ಹೆಸರೇ ‘ಮಿಝ್’ ಆಯಿತು.

ದೊಡ್ಡ ಪತ್ರಿಕೆಗಳ ಹಟ ಮಾತ್ರ ಬೇಗ ಇಳಿಯಲಿಲ್ಲ. 1984ರಲ್ಲಿ ಜೆರಾಲ್ಡಿನ್ ಫೆರಾರೊ ಅಮೆರಿಕಾದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತರು. ಗಂಡನ ಮನೆತನದ ಹೆಸರು ಝಕ್ಕಾರೊ. ಈಕೆ ತವರಿನ ಹೆಸರನ್ನೇ ಇಟ್ಟುಕೊಂಡಿದ್ದರು. ಮಿಸ್ ಫೆರಾರೊ ಎನ್ನೋಣವೆಂದರೆ ಮದುವೆಯಾಗಿದೆ. ಮಿಸೆಸ್ ಫೆರಾರೊ ಎಂದರೆ ಅದು ಅವರಮ್ಮ! ನ್ಯೂಯಾರ್ಕ್ ಟೈಮ್ಸ್ ಮಿಸೆಸ್ ಫೆರಾರೊ ಎಂದೇ ಬರೆಯಿತು. ಕೊನೆಗೆ 1986ರಲ್ಲಿ ಆ ಪತ್ರಿಕೆಯೂ ‘ಮಿಝ್’ಗೆ ಬಾಗಿಲು ತೆರೆಯಿತು.

ಬೇರೆ ದೇಶಗಳಲ್ಲಿ ಹೊಸ ಶಬ್ದ ಹುಡುಕುವ ಗೋಜಿಗೇ ಹೋಗದೆ ಹಳೆಯದೊಂದನ್ನು ಕೈಬಿಟ್ಟರು. ಪಶ್ಚಿಮ ಜರ್ಮನಿ 1972ರಲ್ಲಿ ಸರ್ಕಾರಿ ಬಳಕೆಯಿಂದ ‘ಫ್ರಾಯ್ಲೈನ್’ ತೆಗೆಯಿತು, ಫ್ರಾನ್ಸ್ 2012ರಲ್ಲಿ ‘ಮದ್ಮೊಝೆಲ್’ ತೆಗೆಯಿತು. ಸೌಂದರ್ಯ ಸ್ಪರ್ಧೆಯವರೂ ಮೊನ್ನೆ ಮೊನ್ನೆ ಮೆತ್ತಗಾಗಿದ್ದಾರೆ. 2023ರಿಂದ ಮಿಸ್ ಯೂನಿವರ್ಸ್ ಸ್ಪರ್ಧೆಗೆ ಮದುವೆಯಾದವರೂ ಮಕ್ಕಳ ತಾಯಂದಿರೂ ನಿಲ್ಲಬಹುದು. ಆದರೂ ಕಿರೀಟದ ಹೆಸರು ಮಿಸ್ಸೇ!

ನಮ್ಮ ಮಾತಿನ ಲೆಕ್ಕವೇನು? ‘ಶ್ರೀಮತಿ’ ಎಂದರೆ ಶ್ರೀ ಉಳ್ಳವಳು, ಸಿರಿಯುಳ್ಳವಳು. ಶಬ್ದದೊಳಗೆ ಮದುವೆಯ ಸುದ್ದಿಯೇ ಇಲ್ಲ. ಮಿಸೆಸ್ಸಿನ ಜಾಗದಲ್ಲಿ ಕೂರಿಸಿ ನಾವೇ ಅದಕ್ಕೆ ತಾಳಿ ಕಟ್ಟಿದೆವು. ‘ಕುಮಾರ’ ಎಂಬುದು ಹುಡುಗನಿಗೆ ಮೀಸೆ ಬಂದ ಕೂಡಲೇ ಉದುರುತ್ತದೆ, ‘ಕುಮಾರಿ’ ಅರವತ್ತಾದರೂ ಬಿಡುವುದಿಲ್ಲ. ಮದುವೆಯ ಕರೆಯೋಲೆಯಲ್ಲಂತೂ ಸೌ|| ಎಂಬ ಒಂದಕ್ಷರ ಯಾರ ಹೆಸರಿನ ಹಿಂದಿದೆ, ಯಾರ ಹಿಂದೆ ಇಲ್ಲ ಎಂದು ಕಣ್ಣಾಡಿಸುವವರಿದ್ದಾರೆ. ಮಗಳ ಮದುವೆಯ ಸಂಭ್ರಮದಲ್ಲಿ ಅಚ್ಚಾದ ಓಲೆ ಕೈಗೆ ಬಂದಾಗ, ತನ್ನ ಹೆಸರಿನ ಹಿಂದಿನ ಆ ಖಾಲಿ ಜಾಗವನ್ನು ನೋಡುವ ತಾಯಿಯ ಹೊಟ್ಟೆ ಏನೆನ್ನುತ್ತದೆಯೋ. ಮರಾಠಿಯಲ್ಲಿ ಖಾಲಿಯನ್ನೂ ಬಿಡಲಿಲ್ಲ, ವಿಧವೆಗೆ ‘ಗಂ. ಭಾ.’ ಎಂದು ಬೇರೆ ಗುರುತೇ ಇತ್ತು.

ಇವೆಲ್ಲ ಮೇಲಿನಿಂದ ಬಂದು ಅಂಟಿಕೊಂಡವು ಎಂದು ನನ್ನ ಎಣಿಕೆ. ಕನ್ನಡದ ಸ್ವಂತ ಮರ್ಯಾದೆಯ ಮಾತುಗಳು ಅಕ್ಕ, ಅಮ್ಮ, ಅವ್ವ, ಅಬ್ಬೆ. ಇವು ಯಾರ ಕೊರಳನ್ನೂ ನೋಡುವುದಿಲ್ಲ. ಸಂಸಾರ ಬಿಟ್ಟು ಹೊರಟ ಮಹಾದೇವಿ ಅಕ್ಕನಾದಳು, ಗಂಡನ ಜೊತೆ ಕಾಯಕ ಮಾಡಿದ ಆಯ್ದಕ್ಕಿ ಲಕ್ಕಮ್ಮ ಅಮ್ಮನಾದಳು. ಹತ್ತನೆಯ ಶತಮಾನದ ಅತ್ತಿಮಬ್ಬೆ ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಆದರೆ ಅವಳಿಗೆ ನಾಡು ಕೊಟ್ಟ ಬಿರುದು ‘ದಾನಚಿಂತಾಮಣಿ’, ಅವಳು ಮಾಡಿದ ಕೆಲಸದ್ದು. ಉತ್ತರ ಕನ್ನಡದ ಕಡೆ ಶಿಕ್ಷಕಿಗೆ ‘ಅಕ್ಕೋರು’ ಎನ್ನುತ್ತಾರೆ. ಮಿಸ್ಸಿಗಿಂತ ನನಗೆ ಅದೇ ಇಷ್ಟ.

ಇನ್ನು ಬರವಣಿಗೆಯ ವಿಷಯ, ಇದನ್ನು ಕೇಳುವವರು ಬಹಳ. ಪರಿಚಯವಿಲ್ಲದ ಹೆಂಗಸಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವಾಗ ಎಂ, ಎಸ್ ಎಂದು ಬರೆದು ಹೆಸರು ಬರೆಯಿರಿ. ಬ್ರಿಟಿಷ್ ಪದ್ಧತಿಯಲ್ಲಿ ಅದರ ಮುಂದೆ ಚುಕ್ಕಿ ಇಡುವುದಿಲ್ಲ, ಅಮೆರಿಕಾದವರು ಇಡುತ್ತಾರೆ. ಎರಡೂ ಸರಿಯೇ. ಆಕೆಯೇ ತನ್ನ ಹೆಸರಿಗೆ ಮಿಸೆಸ್ ಎಂದು ಸೇರಿಸಿಕೊಂಡಿದ್ದರೆ ನೀವೂ ಹಾಗೇ ಬರೆಯಬೇಕು, ತಿದ್ದಲು ಹೋಗಬಾರದು. ಕನ್ನಡದಲ್ಲಾದರೆ ‘ಮಾನ್ಯರೇ’ ಸಾಕು. ಮದುವೆಯಾದ ಹೆಣ್ಣು ಗಂಡನ ಹೆಸರನ್ನು ಸೇರಿಸಿಕೊಳ್ಳಲೇಬೇಕೆಂಬ ಕಾನೂನು ನಮ್ಮ ದೇಶದಲ್ಲಿಲ್ಲ. ಮಗಳ ಮದುವೆಯಾದ ಮರುವಾರವೇ ಬ್ಯಾಂಕಿಗೆ ಓಡಿ ಹೆಸರು ಬದಲಾಯಿಸುವ ಮುಂಚೆ ಒಂದು ಮಾತು ಅವಳನ್ನೇ ಕೇಳಿ. ಬದಲಾಯಿಸುವುದಾದರೆ ಆಧಾರ್, ಪಾನ್, ಪಾಸ್‌ಪೋರ್ಟ್, ಪಾಸ್‌ಬುಕ್ ಎಲ್ಲದರಲ್ಲೂ ಒಂದೇ ರೀತಿ ಇರಲಿ. ಒಂದು ಕಡೆ ತವರಿನ ಇನಿಷಿಯಲ್, ಇನ್ನೊಂದು ಕಡೆ ಗಂಡನ ಹೆಸರು ಎಂದಾದರೆ, ಮುಂದೆ ಹಣ ಬಿಡಿಸುವಾಗ ಇಬ್ಬರೂ ಒಬ್ಬಳೇ ಎಂದು ಸಾಬೀತು ಮಾಡಲು ಅವಳು ಅಫಿಡವಿಟ್ ಹಿಡಿದು ಅಲೆಯಬೇಕಾಗುತ್ತದೆ.